ಕಲ್ಲಿನಲ್ಲಿ ಉಳಿದ ನೆನಪಿನ ವಸ್ತುಗಳು: ರಾಯದುರ್ಗ–ಮಡಕಶಿರ ಸೀಮೆಯ ಸ್ಮಾರಕ ಶಿಲೆಗಳನ್ನು ಕುರಿತು ಒಂದು ವಿಚಾರ

ಮನುಷ್ಯನು ಹೋದ ಮೇಲೂ ಅವನು ಬಳಸಿದ ವಸ್ತುಗಳು ಕೆಲವು ಕಾಲ ಮನೆಯಲ್ಲಿ ಉಳಿಯುತ್ತವೆ. ತಾತನ ಊರುಗೋಲು, ಅಜ್ಜಿಯ ಎಲೆಅಡಿಕೆಯ ಸಂಚಿ, ತಂದೆಯ ಕನ್ನಡಕ, ತಾಯಿಯ ಕುಂಕುಮದ ಭರಣಿ. ಇವುಗಳಿಗೆ ಸಂತೆಯಲ್ಲಿ ನಾಲ್ಕು ಕಾಸೂ ಹುಟ್ಟಲಾರದು. ಆದರೂ ಮನೆಯವರು ಅವನ್ನು ಹೊರಗೆ ಹಾಕಲಾರರು. ಹೊರಗಿನವರ ಕಣ್ಣಿಗೆ ಅದು ಬರಿಯ ಕೋಲು, ಬರಿಯ ಚೀಲ. ಮನೆಯವರಿಗಾದರೋ ಆ ಕೋಲಿನ ಹಿಡಿಯಲ್ಲಿ ಒಂದು ಕೈ ಇರುವುದು. ವಸ್ತುವು ಒಂದೇ, ನೋಡುವವರು ಬೇರೆಯಾದಂತೆ ಅದರ ಅರ್ಥವು ಬೇರೆಯಾಗುತ್ತದೆ. ಈ ಅರ್ಥವು ಎಲ್ಲಿರುವುದು? ವಸ್ತುವಿನಲ್ಲಿಯೋ, ಅದನ್ನು ಆರಿಸಿ ಇಟ್ಟವರ ಮನಸ್ಸಿನಲ್ಲಿಯೋ? ಅದು ಎಷ್ಟು ಕಾಲ ಬಾಳುವುದು? ಈ ಪ್ರಶ್ನೆಗಳನ್ನು ನಮ್ಮ ಸೀಮೆಯ ಸ್ಮಾರಕ ಶಿಲೆಗಳ ಮುಂದೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಚಿತ್ರದಲ್ಲಿನ ವಸ್ತುಗಳು

ನಮ್ಮ ಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ತರರು ಮೇಜಿನ ಮೇಲೆ ಒಂದು ಹೂಜಿಯನ್ನೂ ಎರಡು ಹಣ್ಣುಗಳನ್ನೂ ಇಟ್ಟು, ಮಕ್ಕಳಿಂದ ಬರೆಯಿಸುವುದುಂಟು. ಇದನ್ನೇ ಸ್ಟಿಲ್ ಲೈಫ್ ಎನ್ನುತ್ತಾರೆ, ನಾವು ವಸ್ತುಚಿತ್ರವೆನ್ನಬಹುದು. 17ನೆಯ ಶತಮಾನದಲ್ಲಿ ಹಾಲೆಂಡ್ ದೇಶದ ಚಿತ್ರಕಾರರು ಈ ಬಗೆಯನ್ನು ಬಹು ಎತ್ತರಕ್ಕೆ ಒಯ್ದರು. ಅವರ ಕೆಲವು ಚಿತ್ರಗಳಲ್ಲಿ ತಲೆಬುರುಡೆ, ಮರಳುಗಡಿಯಾರ, ಆರಿದ ಮೇಣದ ಬತ್ತಿ ಇವು ಮತ್ತೆ ಮತ್ತೆ ಬರುತ್ತವೆ. ಬಾಳು ಅನಿತ್ಯವೆಂಬುದು ಅವುಗಳ ಭಾವ. ಅದು ಎಲ್ಲರಿಗೂ ಸಲ್ಲುವ ಅರ್ಥ, ಯಾರೊಬ್ಬರ ಸ್ವಂತದ್ದಲ್ಲ.

ಅದೇ ದೇಶದ ವಿನ್ಸೆಂಟ್ ವ್ಯಾನ್ ಗೋ 1885ನೆಯ ಅಕ್ಟೋಬರಿನಲ್ಲಿ ಬರೆದ ಒಂದು ಚಿತ್ರವುಂಟು. ಮೇಜಿನ ಮೇಲೆ ದೊಡ್ಡದೊಂದು ಬೈಬಲು ತೆರೆದಿದೆ. ಪಕ್ಕದಲ್ಲಿ ಆರಿದ ಬತ್ತಿ. ಮುಂದುಗಡೆ ಹಳದಿ ರಟ್ಟಿನ, ಓದಿ ಓದಿ ಸವೆದ ಸಣ್ಣ ಪುಸ್ತಕ. ತಿಳಿಯದವರಿಗೆ ಇವು ಎರಡು ಪುಸ್ತಕಗಳು ಮಾತ್ರ. ಆದರೆ ಆ ಬೈಬಲು ಚಿತ್ರಕಾರನ ತಂದೆಯದು. ತಂದೆಯು ಪಾದ್ರಿಯಾಗಿದ್ದು ಅದೇ ವರ್ಷದ ಮಾರ್ಚಿಯಲ್ಲಿ ತೀರಿಕೊಂಡಿದ್ದರು. ಹಳದಿ ಪುಸ್ತಕವು ಫ್ರೆಂಚ್ ಲೇಖಕ ಎಮಿಲ್ ಜೋಲಾನ ಕಾದಂಬರಿ. ಮಗನು ಮೆಚ್ಚಿ ಓದುತ್ತಿದ್ದ, ತಂದೆಗೆ ಸರಿಬೀಳದ ಜಾತಿಯ ಸಾಹಿತ್ಯ. ತಂದೆ ಮಕ್ಕಳ ನಡುವಣ ಮನಸ್ತಾಪವೂ ಮಮತೆಯೂ ಆ ಮೇಜಿನ ಮೇಲೆ ಒಟ್ಟಿಗೆ ಕುಳಿತಿವೆ. ಇದು ನಮಗೆ ಗೊತ್ತಾದುದು ಹೇಗೆ? ವಿನ್ಸೆಂಟನು ತಮ್ಮನಾದ ಥಿಯೋಗೆ ಬರೆದ ಕಾಗದಗಳು ಉಳಿದುವು. ಆ ಮನೆಯವರ ಹೆಸರುಗಳೂ ಸಾವಿನ ತಿಂಗಳೂ ದಾಖಲೆಯಲ್ಲಿ ಉಳಿದುವು. ಕಾಗದಗಳು ಸುಟ್ಟುಹೋಗಿದ್ದರೆ ಚಿತ್ರದ ಅಂದವು ಉಳಿಯುತ್ತಿತ್ತು; ಚಿತ್ರದ ಒಳಗಿನ ಸಂಕಟವು ನಮ್ಮ ಪಾಲಿಗೆ ಇಲ್ಲವಾಗುತ್ತಿತ್ತು. ವಸ್ತುವಿಗೆ ಪಕ್ಕದಲ್ಲೊಂದು ಹೆಸರು ಬೇಕು. ಹೆಸರಿಲ್ಲದ ನೆನಪಿನ ವಸ್ತುವು ಮೂಕವಾದ ವಸ್ತು. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿ ವಿನಂತಿ. ಮುಂದೆ ಇದೇ ಅಳತೆಗೋಲು.

ನಮ್ಮ ನಾಡಿನ ಹಳೆಯ ಚಿತ್ರಕಲೆಯಲ್ಲಿ ವಸ್ತುಗಳನ್ನೇ ಬಿಡಿಯಾಗಿ ಬರೆಯುವ ವಾಡಿಕೆಯಿಲ್ಲ. ಮಡಕಶಿರಕ್ಕೆ ನೆರೆಯದಾದ ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿ ವಿಜಯನಗರ ಕಾಲದ ಭಿತ್ತಿಚಿತ್ರಗಳಿವೆ. ಅಲ್ಲಿ ದೇವತೆಗಳೂ ಪುರಾಣ ಕಥೆಗಳೂ ಎತ್ತರದ ಕುಲಾವಿ ತೊಟ್ಟ ದಾನಿಗಳೂ ಕಾಣುತ್ತಾರೆ. ವಸ್ತ್ರಗಳ ಅಂಚು, ಆಭರಣಗಳ ಕುಸುರಿ ಎಲ್ಲವೂ ಸೊಗಸಾಗಿವೆ. ಆದರೆ ಅವು ಮೈಮೇಲೆ ಇರುವುವೇ ಹೊರತು ಮೈಯಿಂದ ಬೇರೆಯಾಗಿ ನಿಲ್ಲವು. ವಸ್ತುವನ್ನು ಬೇರೆಯಾಗಿ ಎತ್ತಿ ತೋರಿ, ಅದರಿಂದಲೇ ಅಗಲಿದವರನ್ನು ನೆನೆಯುವ ಕಲೆಯನ್ನು ನಮ್ಮವರು ಕುಂಚಕ್ಕೆ ಬದಲಾಗಿ ಉಳಿಗೆ ವಹಿಸಿದರು. ವೀರಗಲ್ಲು, ಮಾಸ್ತಿಕಲ್ಲು, ನಿಸಿಧಿಗಲ್ಲು ಎಂಬ ಮೂರು ಬಗೆಯ ಕಲ್ಲುಗಳೇ ಆ ಕಲೆಯ ನೆಲೆ.

ನಮ್ಮ ಸೀಮೆ

ಮಡಕಶಿರ ಸೀಮೆಯ ಹೇಮಾವತಿಯು ಇಂದು ಸಣ್ಣ ಊರು. ಶಾಸನಗಳಲ್ಲಿ ಅದರ ಹೆಸರು ಹೆಂಜೇರು. ನೊಳಂಬ ಪಲ್ಲವರ ರಾಜಧಾನಿ. ನೊಳಂಬವಾಡಿ 32000 ಎಂದು ಹೆಸರಾದ ನಾಡನ್ನು ಆಳಿದ ಮಹೇಂದ್ರ, ಅಯ್ಯಪದೇವ ಮೊದಲಾದವರು 9 ಮತ್ತು 10ನೆಯ ಶತಮಾನಗಳಲ್ಲಿ ಬಾಳಿದವರು. ದೊಡ್ಡೇಶ್ವರ, ಸಿದ್ಧೇಶ್ವರ ದೇವಾಲಯಗಳು ಅವರ ಕಾಲದ ಕೈವಾಡವನ್ನು ಇಂದಿಗೂ ತೋರುತ್ತವೆ. ನೊಳಂಬರ ತರುವಾಯ ನಿಡುಗಲ್ಲಿನ ಚೋಳರೆನಿಸಿದ ಅರಸರು ಈ ಭಾಗವನ್ನು ಆಳಿದರು. ರಾಯದುರ್ಗವು ವಿಜಯನಗರದ ಕಾಲದಲ್ಲಿ ಹೆಸರಾದ ಗಿರಿದುರ್ಗ. ಮಡಕಶಿರವು ಹಿಂದಿನಿಂದಲೂ ಅನಂತಪುರ ಜಿಲ್ಲೆಯಲ್ಲಿದ್ದಿತು. ರಾಯದುರ್ಗವು ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಅನಂತಪುರಕ್ಕೆ ಸೇರಿತು. 2022ನೆಯ ಏಪ್ರಿಲಿನಲ್ಲಿ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಹೀಗೆ ಕಚೇರಿಗಳ ಗೆರೆಯು ಹಲವು ಬಾರಿ ಸರಿದಿದೆ. ಕಲ್ಲುಗಳ ಮೇಲಣ ಕನ್ನಡ ಅಕ್ಷರಗಳು ಮಾತ್ರ ಕೆತ್ತಿದವರು ಕೆತ್ತಿದಂತೆಯೇ ಇವೆ.

ನಿಸಿಧಿ: ಮೂರೇ ವಸ್ತುಗಳ ಬಾಳು

ಮೊದಲು ನಿಸಿಧಿಗಲ್ಲುಗಳನ್ನು ನೋಡೋಣ. ಜೈನ ಮುನಿಗಳೋ ಶ್ರಾವಕ ಶ್ರಾವಕಿಯರೋ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟರೆ, ಅವರ ನೆನಪಿಗೆ ನಿಲ್ಲಿಸುವ ಕಲ್ಲಿಗೆ ನಿಸಿಧಿ ಎಂದು ಹೆಸರು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಇವು ಹೇರಳವಾಗಿರುವುದನ್ನು ಎಲ್ಲರೂ ಬಲ್ಲರು. ನಮ್ಮ ಸೀಮೆಯಲ್ಲಿಯೂ ಇವೆಯೆಂಬುದನ್ನು ಬಲ್ಲವರು ಕಡಿಮೆ. ಶ್ರೀ ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ಗ್ರಂಥದಲ್ಲಿ ಅಮರಾಪುರ, ತಮ್ಮಡಹಳ್ಳಿ, ರಾಯದುರ್ಗಗಳ ಜೈನ ಅವಶೇಷಗಳನ್ನು ಎತ್ತಿ ತೋರಿಸಿದರು.

ಸಾಮಾನ್ಯವಾಗಿ ನಿಸಿಧಿಯ ಶಿಲ್ಪದಲ್ಲಿ ಗುರುವು ಕುಳಿತಿರುವನು. ಎದುರಿಗೆ ಶಿಷ್ಯನು ಕೈಮುಗಿದಿರುವನು. ಇಬ್ಬರ ನಡುವೆ ಠವಣೆಕೋಲು. ಠವಣೆಕೋಲೆಂದರೆ ಓಲೆಯ ಗ್ರಂಥವನ್ನು ಇಟ್ಟು ಓದುವ ಕತ್ತರಿಗಾಲಿನ ಪೀಠ. ಹಲವು ಕಲ್ಲುಗಳಲ್ಲಿ ಪಿಂಛವೂ ಕಮಂಡಲುವೂ ಕಾಣುತ್ತವೆ. ಶಿಲ್ಪಿಯು ಜಾಗವನ್ನು ತುಂಬಲು ಇವನ್ನು ಹಾಕಿದನೆಂದು ತಿಳಿಯಬಾರದು. ದಿಗಂಬರ ಮುನಿಯು ಇಟ್ಟುಕೊಳ್ಳಬಹುದಾದ ಉಪಕರಣಗಳು ಮೂರೇ: ಜೀವಹಿಂಸೆಯಾಗದಂತೆ ಕುಳಿತೆಡೆಯನ್ನು ಸವರಲು ನವಿಲುಗರಿಯ ಪಿಂಛ, ಶೌಚಕ್ಕೆ ನೀರಿನ ಕಮಂಡಲು, ಜ್ಞಾನಕ್ಕೆ ಶಾಸ್ತ್ರಗ್ರಂಥ. ಮನೆ, ಹೊಲ, ಬಟ್ಟೆ ಎಲ್ಲವನ್ನೂ ತೊರೆದವನ ಸಮಸ್ತ ಆಸ್ತಿಯೂ ಇಷ್ಟೆ. ಕೊನೆಯಲ್ಲಿ ಅನ್ನವನ್ನೂ ನೀರನ್ನೂ ಬಿಟ್ಟಾಗ ಇವೂ ಅವನಿಗೆ ಬೇಡವಾದುವು. ಬೇಡವಾದುದು ಅವನಿಗೆ, ಉಳಿದ ಶಿಷ್ಯನಿಗೆ ಬೇಕಾದುವು. ಗುರುವು ಬಿಟ್ಟುಹೋದುದನ್ನು ಶಿಷ್ಯನು ಕಲ್ಲಿನಲ್ಲಿ ಎತ್ತಿಕೊಂಡನು. ನಡುವಣ ಠವಣೆಕೋಲು ಪಾಠ ಹೇಳಿದ ದಿನಗಳ ಗುರುತು. ಉಪಾಧ್ಯಾಯ ವೃತ್ತಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮರಾಪುರದಲ್ಲಿ ಒಂದು ನಿಸಿಧಿಯುಂಟು. ಅದು ಮೂಲಸಂಘದ ಸೇನಗಣಕ್ಕೆ ಸೇರಿದ ಭಾವಸೇನ ತ್ರೈವಿದ್ಯ ಚಕ್ರವರ್ತಿಯದು. ಪ್ರತಿವಾದಿಗಳೆಂಬ ಬೆಟ್ಟಗಳಿಗೆ ಅವನು ಸಿಡಿಲಾಗಿದ್ದನೆಂಬ ಭಾವದ ಬಿರುದು ಅದರಲ್ಲಿದೆ. ಭಾವಸೇನನು 13ನೆಯ ಶತಮಾನದ ದೊಡ್ಡ ತಾರ್ಕಿಕ. ಸಂಸ್ಕೃತದಲ್ಲಿ ವಿಶ್ವತತ್ತ್ವಪ್ರಕಾಶ, ಪ್ರಮಾಪ್ರಮೇಯ ಎಂಬ ನ್ಯಾಯಗ್ರಂಥಗಳನ್ನೂ, ಕಲಿಯುವವರಿಗಾಗಿ ಕಾತಂತ್ರರೂಪಮಾಲೆ ಎಂಬ ವ್ಯಾಕರಣವನ್ನೂ ಬರೆದವನು. ಆಗಮ, ತರ್ಕ, ವ್ಯಾಕರಣ ಮೂರರಲ್ಲಿಯೂ ಪಾರಂಗತನಾದವನಿಗೆ ತ್ರೈವಿದ್ಯನೆಂದು ಹೆಸರು. ವಿಶ್ವತತ್ತ್ವಪ್ರಕಾಶವು 1964ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಗ್ರಂಥಗಳು ಓಲೆಯಲ್ಲಿ ನಕಲಾಗಿ ಊರಿಂದೂರಿಗೆ ಹೋದುವು. ಗ್ರಂಥಕರ್ತನು ಕೊನೆಗೆ ಎಲ್ಲಿ ನೆನೆಯಲ್ಪಟ್ಟನೆಂಬುದನ್ನು ಹೇಳುವುದು ನಮ್ಮ ಅಮರಾಪುರದ ಕಲ್ಲು. ಅದೂ ಕನ್ನಡ ಮಾತಿನಲ್ಲಿ. ಸಂಸ್ಕೃತದ ಪಂಡಿತನನ್ನು ನೆನೆಯುವಾಗ ಅವನ ಜನರಿಗೆ ಬಾಯಿಗೆ ಬಂದುದು ಮನೆಯ ನುಡಿ.

ಈ ಭಾಗದಲ್ಲಿ ಆಗ ಜೈನ ಸಮಾಜವು ಹೇಗೆ ಬೇರೂರಿತ್ತೆಂಬುದಕ್ಕೆ ಅಮರಾಪುರದ ಇನ್ನೊಂದು ಶಾಸನವು ಸಾಕ್ಷಿ. ನಿಡುಗಲ್ಲಿನ ಇರುಂಗೋಳನ ಆಳಿಕೆಯಲ್ಲಿ, ಕ್ರಿ.ಶ. 1278ರಲ್ಲಿ, ಬಾಲೇಂದು ಮಲಧಾರಿಯ ಶಿಷ್ಯನಾದ ಮಲ್ಲಿಸೆಟ್ಟಿಯು ಪ್ರಸನ್ನ ಪಾರ್ಶ್ವದೇವರ ಬಸದಿಗೆ ತಮ್ಮಡಹಳ್ಳಿಯ 2000 ಅಡಿಕೆ ಮರಗಳನ್ನು ಬಿಟ್ಟನು. ಗುರುವಿನ ಹೆಸರನ್ನು ತನ್ನ ಹೆಸರಿನೊಡನೆ ಬರೆಯಿಸದೆ ಅವನು ದಾನವನ್ನೂ ಮಾಡಲಿಲ್ಲ.

ರಾಯದುರ್ಗದ ತಾಲ್ಲೂಕು ಕಚೇರಿಯಲ್ಲಿದ್ದ ಸುಮಾರು 12ನೆಯ ಶತಮಾನದ ಕಲ್ಲೊಂದರಲ್ಲಿ ನಿಸಿಧಿಯ ಪ್ರಸ್ತಾಪವೂ ಎಂಟು ಮಂದಿಯ ಹೆಸರುಗಳೂ ಇವೆ. ಅವರಲ್ಲಿ ಮೂಲಸಂಘದ ಚಂದ್ರಭೂತಿ ಒಬ್ಬ. ಯಾಪನೀಯ ಸಂಘದ ಚಂದ್ರೇಂದ್ರ, ಬಾದಯ್ಯ, ತಮ್ಮಣ್ಣ ಎಂಬವರು ಮೂವರು. ಮೂಲಸಂಘವೂ ಯಾಪನೀಯ ಸಂಘವೂ ಆಚಾರದಲ್ಲಿಯೂ ತತ್ತ್ವದಲ್ಲಿಯೂ ಕೆಲವು ವಿಷಯಗಳಲ್ಲಿ ಭಿನ್ನವಾದುವು. ಯಾಪನೀಯ ಸಂಘವು ತರುವಾಯ ಹೆಸರಿಲ್ಲದಂತೆ ಅಳಿಯಿತು. ಬದುಕಿದ್ದಾಗ ಬೇರೆ ಬೇರೆ ಸಂಘಗಳಿಗೆ ಸೇರಿದವರ ಹೆಸರುಗಳು ಒಂದೇ ಕಲ್ಲಿನಲ್ಲಿ ಕೂಡಿ ಬಂದುವು. ಬಾದಯ್ಯ, ತಮ್ಮಣ್ಣ ಎಂಬ ಹೆಸರುಗಳನ್ನು ಓದಿದಾಗ ಅವು ನಮ್ಮ ಶಾಲೆಯ ಹಾಜರಿ ಪುಸ್ತಕದ ಹೆಸರುಗಳಂತೆಯೇ ಕೇಳಿಸುವುವು. ಪಿಂಛ ಕಮಂಡಲುಗಳು ಎಲ್ಲ ಮುನಿಗಳಿಗೂ ಸಮ; ತಮ್ಮಣ್ಣನೆಂಬ ಹೆಸರು ಒಬ್ಬನಿಗೆ ಸೇರಿದ್ದು. ಸಾಮಾನ್ಯವಾದ ವಸ್ತುವು ಒಬ್ಬನ ಸ್ವಂತದ ವಸ್ತುವಾಗುವುದು ಆ ಹೆಸರಿನಿಂದ.

ವೀರಗಲ್ಲು: ಬೇಡಿ ಪಡೆದ ನಾಯಿ

ವೀರಗಲ್ಲಿನಲ್ಲಿ ಬಹುಮಟ್ಟಿಗೆ ಮೂರು ಅಂತಸ್ತುಗಳು. ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗದ ಸನ್ನಿಧಿ. ಕತ್ತಿ, ಗುರಾಣಿ, ಬಿಲ್ಲು, ಹಿಂಡುಗಟ್ಟಿದ ತುರು ಇವೇ ಅಲ್ಲಿನ ವಸ್ತುಗಳು. ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಡಾ. ಆರ್. ಶೇಷಶಾಸ್ತ್ರಿಯವರು ಕರ್ನಾಟಕದ ವೀರಗಲ್ಲುಗಳನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನೇ ಬರೆದಿರುವುದು ನಮ್ಮ ಜಿಲ್ಲೆಗೆ ಹೆಮ್ಮೆ.

ನೊಳಂಬರ ಕಾಲಕ್ಕೆ ಸಂಬಂಧಿಸಿದ ಹೆಸರಾದ ವೀರಗಲ್ಲು ಬೇಗೂರಿನದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಹೆಂಜೇರಿನ ಅಯ್ಯಪದೇವನಿಗೆ ನೆರವಾಗಿ, ವೀರಮಹೇಂದ್ರನ ಮೇಲೆ ಕಾದಲು, ಗಂಗರ ಎರೆಯಪ್ಪನು ನಾಗತ್ತರನನ್ನು ಕಳುಹಿಸಿದನು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದನು. ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು 12 ಎಂಬ ಹಳ್ಳಿಗಳ ಗುಂಪನ್ನು ಕೊಟ್ಟನು. ಆ ಕಲ್ಲಿನ ಮೇಲಣ ರಣರಂಗದಲ್ಲಿ ಆಯುಧಗಳೂ ಜನರೂ ಕಿಕ್ಕಿರಿದಿರುವರು. ಅಲ್ಲಿನ ಕತ್ತಿಯು ಯಾವ ವೀರನ ಕತ್ತಿಯೂ ಆಗಬಹುದಾಗಿತ್ತು. ಅಕ್ಷರಗಳಿರುವುದರಿಂದ ಅದು ನಾಗತ್ತರನ ಕತ್ತಿ.

ಇದಕ್ಕಿಂತ ಹೆಚ್ಚು ಆಪ್ತವಾದುದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗಾಗಿ ಗಂಗ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂದರ್ಭ. ಬೂತುಗನ ಬಂಟನಾದ ಮಣಲೆರನು ಆ ಯುದ್ಧದಲ್ಲಿ ಮೆರೆದನು. ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳು ಎಂದನು. ಮಣಲೆರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದನು. ಮುಂದೆ ಆ ನಾಯಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು. ಅದಕ್ಕೆ ಭೂಮಿಯ ದತ್ತಿಯೂ ಆಯಿತು. ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವನು ಉಣ್ಣಬಾರದೆಂದು ಕಟ್ಟಳೆಯೂ ಆಯಿತು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ.

ಇದು ಪ್ರಾಣಿಯ ಸ್ಮಾರಕವೆಂದು ಹೇಳಿ ಮುಂದೆ ಹೋಗುವುದು ವಾಡಿಕೆ. ಆದರೆ ಆ ನಾಯಿಯು ಮಣಲೆರನಿಗೆ ಏನಾಗಿತ್ತು? ಒಡೆಯನ ಮೆಚ್ಚುಗೆ, ತನ್ನ ಸಾಹಸ, ತಕ್ಕೋಲದ ಒಂದು ದಿನ ಎಲ್ಲವೂ ಆ ಜೀವದಲ್ಲಿ ಕೂಡಿದ್ದುವು. ಅದು ಬಹುಮಾನವೂ ಹೌದು, ಸಂಗಾತಿಯೂ ಹೌದು. ಇಷ್ಟನ್ನೂ ಶಾಸನವು ಹೇಳದಿದ್ದರೆ, ಕಲ್ಲಿನ ಮೇಲಣ ಚಿತ್ರವನ್ನು ನಾವು ಬೇಟೆಯ ಚಿತ್ರವೆನ್ನುತ್ತಿದ್ದೆವು. ವ್ಯಾನ್ ಗೋನ ಕಾಗದಗಳು ಮಾಡಿದ ಕೆಲಸವನ್ನು ಅವನಿಗಿಂತ ಒಂಬತ್ತು ನೂರು ವರ್ಷಗಳ ಹಿಂದೆ ಕನ್ನಡದ ಶಾಸನವು ಮಾಡಿದೆ.

ಮಾಸ್ತಿಕಲ್ಲು: ಬಳೆಯ ಕೈ

ಮೂರನೆಯದನ್ನು ಕುರಿತು ಬರೆಯುವಾಗ ಲೇಖನಿಯು ತಡೆಯುತ್ತದೆ. ಕಂಬದಿಂದ ಹೊರಟು ಮೊಳಕೈಯಲ್ಲಿ ಬಾಗಿ ಮೇಲೆತ್ತಿದ ಒಂದು ಬಲಗೈ, ಮುಂಗೈ ತುಂಬ ಬಳೆಗಳು, ಬೆರಳುಗಳ ನಡುವೆ ನಿಂಬೆಹಣ್ಣು, ಕೆಲವೆಡೆ ಕನ್ನಡಿ, ಮೇಲೆ ಸೂರ್ಯ ಚಂದ್ರರು. ಕನ್ನಡ ನಾಡಿನ ಹಳ್ಳಿಗಳಲ್ಲಿ ಮಾಸ್ತಿಯೆಂದು ಅರಿಶಿನ ಕುಂಕುಮವಿಟ್ಟು ಪೂಜಿಸುವ ಕಲ್ಲಿನ ರೂಪವು ಇದು. ಬಳೆಗಳು ಒಡೆಯದಿರುವುದು ಮುತ್ತೈದೆತನದ ಗುರುತು. ಗಂಡನೊಡನೆ ಬೆಂಕಿಗೆ ಹೋದವಳು ವಿಧವೆಯಾಗಲಿಲ್ಲವೆಂಬುದು ಕಲ್ಲಿನ ವಾದ.

ಈ ವಾದವು ಯಾರದು? ನಿಸಿಧಿಯಲ್ಲಿ ಠವಣೆಕೋಲನ್ನು ಆರಿಸಿದವನು ಶಿಷ್ಯ. ಆತಕೂರಿನಲ್ಲಿ ಕಾಳಿಯನ್ನು ಆರಿಸಿದವನು ಅದನ್ನು ಬೇಡಿ ಪಡೆದವನೇ. ಮಾಸ್ತಿಕಲ್ಲಿನಲ್ಲಿ ಬಳೆಯನ್ನು ಆರಿಸಿದವರು ಉಳಿದ ಮನೆತನದವರು, ಊರಿನವರು. ಸತ್ತವಳಿಗೆ ಪ್ರಿಯವಾದ ವಸ್ತುವು ಬಳೆಯೇ ಆಗಿತ್ತೋ, ತವರಿನ ತೊಟ್ಟಿಲೋ, ಕಟ್ಟಿಹಾಕಿದ ಕರುವೋ, ಯಾರೂ ಕೇಳಲಿಲ್ಲ. ಇಂತಹ ಕಲ್ಲುಗಳಲ್ಲಿ ಹಲವಕ್ಕೆ ಅಕ್ಷರವೇ ಇಲ್ಲ, ಹೆಸರೂ ಇಲ್ಲ. ಒಂದು ಬಾಳಿನಲ್ಲಿ ಉಳಿದುದು ಒಂದು ತೋಳು ಮಾತ್ರ.

ಹೆಸರುಳ್ಳ ಕಲ್ಲು ಹೇಗೆ ಬೇರೆಯೆಂಬುದಕ್ಕೆ ಮೈಸೂರು ಜಿಲ್ಲೆಯ ಬೆಳತೂರಿನ ಕ್ರಿ.ಶ. 1057ರ ಶಾಸನವನ್ನು ನೋಡಬೇಕು. ರವಿಗನ ಮಗಳು ದೇಕಬ್ಬೆ. ನವಿಲೆನಾಡಿನ ಏಚನ ಹೆಂಡತಿ. ಏಚನು ಅರಸನ ನಂಟನೊಬ್ಬನನ್ನು ಮಲ್ಲಯುದ್ಧದಲ್ಲಿ ಕೊಂದ ಕಾರಣ ಅವನಿಗೆ ತಲಕಾಡಿನಲ್ಲಿ ಮರಣದಂಡನೆಯಾಯಿತು. ಸುದ್ದಿ ಬಂದಾಗ ದೇಕಬ್ಬೆಯು ಬೆಂಕಿಗೆ ಬೀಳಲು ಹೊರಟಳು. ತಂದೆತಾಯಿಗಳೂ ನೆಂಟರೂ ಬೇಡವೆಂದು ಬೇಡಿಕೊಂಡರು, ಅವಳು ಕೇಳಲಿಲ್ಲ. ಇಷ್ಟನ್ನೂ ಕವಿಯಾದ ಮಲ್ಲನು ಪದ್ಯದಲ್ಲಿ ಬರೆದಿಟ್ಟನು. ಇಲ್ಲಿ ಹೆಣ್ಣಿಗೆ ಹೆಸರುಂಟು, ತಂದೆಯುಂಟು, ತಡೆಯಲು ಬಂದ ತಾಯಿಯುಂಟು. ಓದುವವನಿಗೆ ಹೊಗಳಿಕೆಗಿಂತ ಆ ತಂದೆತಾಯಿಗಳ ಬೇಡಿಕೆಯೇ ಹೆಚ್ಚಾಗಿ ಕಿವಿಯಲ್ಲಿ ನಿಲ್ಲುತ್ತದೆ. ಸತೀ ಪದ್ಧತಿಯನ್ನು 1829ರಲ್ಲಿ ಬಂಗಾಳದಲ್ಲಿಯೂ, ಮರುವರ್ಷ ಮದರಾಸು ಪ್ರಾಂತದಲ್ಲಿಯೂ ಕಾನೂನಿನಿಂದ ನಿಲ್ಲಿಸಲಾಯಿತು. 1987ರ ಕಾಯಿದೆಯಂತೆ ಅದನ್ನು ಕೊಂಡಾಡುವುದೂ ಅಪರಾಧ. ಕಲ್ಲನ್ನು ಕಾಪಾಡುವುದು ಬೇರೆ, ಕಲ್ಲಿನ ವಾದವನ್ನು ಒಪ್ಪುವುದು ಬೇರೆ. ಮಕ್ಕಳಿಗೆ ಈ ಕಲ್ಲನ್ನು ತೋರಿಸುವಾಗ ಬಳೆಯ ಅರ್ಥವನ್ನು ಹೇಳಿದ ಮೇಲೆ, ಈಕೆಯ ಹೆಸರೇನು ಎಂಬ ಪ್ರಶ್ನೆಯನ್ನೂ ಕೇಳಬೇಕು. ಉತ್ತರವಿಲ್ಲದಿರುವುದೇ ಇಲ್ಲಿನ ಪಾಠ.

ರೂಢಿಯೂ ಸ್ವಂತವೂ

ಒಂದು ಆಕ್ಷೇಪವುಂಟು. ಈ ಕಲ್ಲುಗಳಲ್ಲಿ ಎಲ್ಲೆಡೆಯೂ ಅದೇ ಠವಣೆಕೋಲು, ಅದೇ ಕತ್ತಿ, ಅದೇ ಬಳೆ. ಶಿಲ್ಪಿಯು ರೂಢಿಯಂತೆ ಕೆತ್ತಿದನು. ಇದರಲ್ಲಿ ವ್ಯಕ್ತಿಯ ಭಾವವನ್ನು ಹುಡುಕುವುದು ಸರಿಯೇ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ರೂಢಿಯ ವಸ್ತುವಿನಲ್ಲಿ ಸ್ವಂತದ ಭಾವವು ಇರಲಾರದೆನ್ನುವುದು ತಪ್ಪು. ತಾಳಿಯು ಎಲ್ಲ ಮನೆಗಳಲ್ಲಿಯೂ ತಾಳಿಯೇ. ಆದರೂ ಒಬ್ಬಳ ತಾಳಿಯನ್ನು ಇನ್ನೊಬ್ಬಳಿಗೆ ಕೊಟ್ಟರೆ ನಡೆಯುವುದಿಲ್ಲ.

ಇದಕ್ಕೆ ಜೀವಂತ ಸಾಕ್ಷಿಯು ನಮ್ಮ ಮನೆಗಳಲ್ಲಿಯೇ ಇದೆ. ಭಾದ್ರಪದದ ಮಹಾಲಯ ಅಮಾವಾಸ್ಯೆಗೆ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವುದುಂಟು. ಹೊಸ ಪಂಚೆ, ಹೊಸ ಸೀರೆ, ಕಳಶ, ಅಡಿಗೆಯ ಬಗೆಗಳು ಎಲ್ಲ ಮನೆಗಳಲ್ಲಿಯೂ ಬಹುಮಟ್ಟಿಗೆ ಒಂದೇ. ಅದರ ಪಕ್ಕದಲ್ಲಿ ನಶ್ಯ ಹಾಕುತ್ತಿದ್ದ ತಾತನಿಗೆ ನಶ್ಯದ ಡಬ್ಬಿ. ಬೀಡಿ ಸೇದುತ್ತಿದ್ದವನಿಗೆ ಬೀಡಿಯ ಕಟ್ಟು. ಎಲೆಅಡಿಕೆಯಿಲ್ಲದೆ ಇರಲಾರದಿದ್ದ ಅಜ್ಜಿಗೆ ಸಂಚಿ. ಮೊಮ್ಮಗನು, ಇದು ಯಾರಿಗೆ ಎಂದು ಕೇಳುವನು. ಮನೆಯವರು ಹೆಸರು ಹೇಳುವರು. ಗೋಡೆಗೆ ಒರಗಿಸಿದ ಆ ಎಡೆಯೇ ನಮ್ಮ ಜನರ ವಸ್ತುಚಿತ್ರ. ಕಾಗದದ ಮೇಲೆ ಬರೆಯದೆ, ವರ್ಷಕ್ಕೊಮ್ಮೆ ನೆಲದ ಮೇಲೆ ಜೋಡಿಸಿ ಮರುದಿನ ತೆಗೆಯುವ ಚಿತ್ರ. ಅದರ ಪಕ್ಕದಲ್ಲಿ ಹೆಸರು ಹೇಳುವ ಬಾಯಿ ಇರುವವರೆಗೆ ಅದು ಬಾಳುತ್ತದೆ. ಆ ಬಾಯಿಯು ಮೂರು ತಲೆಮಾರುಗಳಾಚೆಗೆ ಸಾಗದು. ಕಲ್ಲಿಗೆ ಅಕ್ಷರ ಬೇಕಾದುದು ಅದಕ್ಕಾಗಿಯೇ.

ನಾವು ಮಾಡಬಹುದಾದುದು

ವಸ್ತುವನ್ನು ತನ್ನ ಎಡೆಯಿಂದ ಕಿತ್ತರೆ ಅದರ ಅರ್ಥವು ಸೊರಗುತ್ತದೆ. ನೊಳಂಬರ ನಾಡಿನಿಂದ ಚೋಳರು ಒಯ್ದ ಕಂಬಗಳು ತಮಿಳುನಾಡಿನ ತಿರುವೈಯಾರಿನ ದೇವಾಲಯದಲ್ಲಿವೆ. ಗೆದ್ದವರಿಗೆ ಅವು ವಿಜಯದ ನೆನಪು. ಹೆಂಜೇರಿಗೆ ಕಳೆದುಹೋದುದರ ನೆನಪು. ಹೇಮಾವತಿಯ ಸೊಗಸಾದ ಶಿಲ್ಪಗಳು ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಅವನ್ನು ಕುರಿತು ಸಿ. ಶಿವರಾಮಮೂರ್ತಿಯವರು 1964ರಲ್ಲಿ ಗ್ರಂಥವನ್ನೇ ಬರೆದರು. ಅಲ್ಲಿ ಅವು ಸುರಕ್ಷಿತವಾಗಿವೆ, ಒಪ್ಪಬೇಕು. ಹೆದರಬೇಕಾದುದು ಊರ ಹೊರಗೆ ಕಾವಲಿಲ್ಲದೆ ನಿಂತ ಕಲ್ಲುಗಳಿಗೆ. ಇಂತಹ ಕಲ್ಲು ಬಟ್ಟೆ ಒಗೆಯುವ ಕಲ್ಲಾದರೆ, ಕಟ್ಟಡದ ತಳಪಾಯಕ್ಕೆ ಸೇರಿದರೆ, ಅಕ್ಷರದ ಮೇಲೆ ಸುಣ್ಣ ಬಣ್ಣಗಳ ಪದರವೆದ್ದರೆ, ಚಿತ್ರವೂ ಹೆಸರೂ ಒಂದನ್ನೊಂದು ಅಗಲುವುವು.

ಮದರಾಸು ಪ್ರಾಂತದ ಕನ್ನಡ ಶಾಸನಗಳು ದಕ್ಷಿಣ ಭಾರತ ಶಾಸನಗಳ 9ನೆಯ ಸಂಪುಟದಲ್ಲಿ 1939ರಲ್ಲಿಯೇ ಅಚ್ಚಾಗತೊಡಗಿದುವು. ಅದರಲ್ಲಿ ನಮ್ಮ ಸೀಮೆಯ ಶಾಸನಗಳೂ ಇವೆ. ಗ್ರಂಥಾಲಯದಲ್ಲಿ ಪಾಠ ಉಂಟು, ಊರ ಹೊರಗೆ ಕಲ್ಲು ಉಂಟು. ಎರಡನ್ನೂ ಕೂಡಿಸುವವರು ಬೇಕು. ಉಪಾಧ್ಯಾಯರಿಗಿಂತ ತಕ್ಕವರು ಬೇರೆ ಯಾರು? ಪ್ರತಿಯೊಂದು ಶಾಲೆಯೂ ತನ್ನ ಸುತ್ತಿನ ಎರಡು ಮೂರು ಊರುಗಳ ಕಲ್ಲುಗಳನ್ನು ಪಟ್ಟಿ ಮಾಡಲಿ. ಕಲ್ಲು ಎಲ್ಲಿದೆ, ಎಷ್ಟು ಎತ್ತರ, ಯಾವ ವಸ್ತುಗಳು ಕಾಣುತ್ತವೆ, ಅಕ್ಷರವುಂಟೇ ಇಲ್ಲವೇ, ಊರವರು ಅದನ್ನು ಏನೆಂದು ಕರೆಯುವರು ಎಂಬ ಐದು ಕಲಮುಗಳು ಸಾಕು. ಸುಣ್ಣ ಕೆರೆಯುವುದು, ಎಣ್ಣೆ ಹಚ್ಚುವುದು ಬೇಡ. ಫೋಟೋ ತೆಗೆದು, ನೋಡಿದಂತೆ ಬರೆದಿಟ್ಟರೆ ಸಾಕು. ಮಾಸ್ತಿಕಲ್ಲು, ವೀರಗಲ್ಲುಗಳಿಗೆ ಊರ ಹಿರಿಯರು ಹೇಳುವ ಹೆಸರು ಏನಾದರೂ ಇದ್ದರೆ ಅದನ್ನು ಮೊದಲು ಬರೆಯಬೇಕು. ಅಕ್ಷರವಿಲ್ಲದ ಕಲ್ಲಿಗೆ ಆ ಬಾಯಿಮಾತೇ ಶಾಸನ.

ಇದು ಕನ್ನಡ ಮಾಧ್ಯಮದ ಮಕ್ಕಳಿಗೆ ಮಾತ್ರ ಸೇರಿದ ಕೆಲಸವಲ್ಲ. ಹಳೆಯ ಕಾಲದಲ್ಲಿ ಕನ್ನಡಕ್ಕೂ ತೆಲುಗಿಗೂ ಲಿಪಿಯು ಒಂದೇ ಆಗಿತ್ತು. ತೆಲುಗು ಮಾಧ್ಯಮದ ಹುಡುಗನೂ ನಾಲ್ಕು ದಿನ ಕುಳಿತು ಕಲಿತರೆ ಕಲ್ಲಿನ ಅಕ್ಷರಗಳನ್ನು ಕೂಡಿಸಿ ಓದಬಲ್ಲನು. ಕನ್ನಡದ ಹುಡುಗನು ಅದರ ಅರ್ಥವನ್ನು ಹೇಳಬಲ್ಲನು. ಇಬ್ಬರನ್ನೂ ಒಂದೇ ಕಲ್ಲಿನ ಮುಂದೆ ಕೂರಿಸಿದರೆ ಗಡಿಯ ವಿಷಯದಲ್ಲಿ ಸಭೆಗಳಲ್ಲಿ ಆಗದ ಕೆಲಸವು ಆಗಬಹುದು. ರಾಯದುರ್ಗದ ಕಲ್ಲಿನಲ್ಲಿ ಎರಡು ಸಂಘಗಳ ಹೆಸರುಗಳು ಕೂಡಿ ಬಂದುದನ್ನು ಈಗಾಗಲೇ ನೋಡಿದೆವು.

ಅಮರಾಪುರದಲ್ಲಿ ಭಾವಸೇನನ ಹೆಸರನ್ನು ಒಂದು ಕಲ್ಲು ಸುಮಾರು ಏಳುನೂರು ವರ್ಷಗಳಿಂದ ಹೊತ್ತು ನಿಂತಿದೆ. ಅವನ ಪಿಂಛವೂ 	ಓಲೆಯ ಕಟ್ಟೂ ಮಣ್ಣಾದುವು. ಅವನ ಬಳಿ ಓದಿದವರು ಯಾರೆಂಬುದೂ ಮರೆತುಹೋಯಿತು. ಹೆಸರನ್ನು ಕೆತ್ತಿಸಬೇಕೆಂದು ಅವರಿಗೆ ತೋರಿದುದರಿಂದ ಅವನನ್ನು ಇಂದು ನೆನೆಯಲು ಸಾಧ್ಯವಾಯಿತು. ಮುಂದಿನ ಬೇಸಗೆಯ ರಜೆಗೆ ಮುಂಚೆ ನಮ್ಮ ಸಂಘದ ಪ್ರತಿಯೊಂದು ಶಾಲೆಯಿಂದ ಒಂದೊಂದು ಕಲ್ಲಿನ ವಿವರವಾದರೂ ಬರಲೆಂದು ಹಾರೈಸುತ್ತೇನೆ.